ಯಂತ್ರಕ್ಕೆ ಹಣ ಕೊಡುವವರು ಊಟಕ್ಕೆ ಕೊಡುವುದಿಲ್ಲ: ಕ್ಯಾನ್ಸರ್ ಸಂಶೋಧನೆಯ ತರಬೇತಿಗೆ ನೆರವು ಹುಡುಕಿದ ಅನುಭವ

ಕೊಟ್ಟ ಹಣ ಹೇಗೆ ಖರ್ಚಾಯಿತೆಂದು ನಮ್ಮ ಟ್ರಸ್ಟ್ ಸಲ್ಲಿಸಿದ್ದ ಬಳಕೆ ಪ್ರಮಾಣಪತ್ರವನ್ನು ನಮಗೆ ನೆರವು ನೀಡುತ್ತಿರುವ ಕಂಪನಿಯವರು ಕಳೆದ ವಾರ ಕೊನೆಗೂ ಒಪ್ಪಿಕೊಂಡರು. ಎರಡನೇ ವರ್ಷದ ಮೊದಲ ಕಂತು ಬ್ಯಾಂಕಿಗೆ ಬಂದಿದೆ. ಪರಿಶಿಷ್ಟ ಜಾತಿ, ಪಂಗಡ, ಅಲೆಮಾರಿ ಹಾಗೂ ಅಲ್ಪಸಂಖ್ಯಾತ ಸಮುದಾಯಗಳ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಮುಟ್ಟಿದ ವಿಜ್ಞಾನದ ವಿದ್ಯಾರ್ಥಿಗಳನ್ನು ಆರು ತಿಂಗಳು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಇರಿಸಿ ಕ್ಯಾನ್ಸರ್ ಸಂಶೋಧನೆಯ ಕೆಲಸ ಕಲಿಸುವ ಸಣ್ಣ ಯೋಜನೆ ನಮ್ಮದು. ಮೊದಲ ತಂಡದಲ್ಲಿ ಇದ್ದವರು ಹನ್ನೆರಡು ಮಂದಿ. ಅಷ್ಟಕ್ಕೆ ಹಣ ಹೊಂದಿಸುವಷ್ಟರಲ್ಲಿ ಸಾಕುಸಾಕಾಗಿ ಹೋಯಿತು. ಇಂಥದ್ದನ್ನು ಮಾಡಬೇಕೆಂದು ಹೊರಟವರು ಇನ್ನೂ ಕೆಲವರಿದ್ದಾರೆ, ಆಗಾಗ ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು, ಕಾಗದಪತ್ರಗಳು ಇನ್ನೂ ಮೇಜಿನ ಮೇಲೆಯೇ ಇರುವಾಗ ಎಲ್ಲವನ್ನೂ ಬರೆದುಬಿಡೋಣ ಎನಿಸಿತು.

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಪಾವಗಡ, ಯಳಂದೂರು, ಕುಷ್ಟಗಿಯ ಕಡೆಯಿಂದ ಬಂದ ಮಕ್ಕಳು ಜೀವಕೋಶ ವಿಭಜನೆಯ ಚಿತ್ರವನ್ನು ಅಚ್ಚುಕಟ್ಟಾಗಿ ಬರೆದು, ಬಣ್ಣ ತುಂಬಿ, ಒಳ್ಳೆಯ ಅಂಕ ತೆಗೆದುಕೊಂಡು ಹೋಗುತ್ತಿದ್ದರು. ವಿಭಜನೆಯಾಗುತ್ತಿರುವ ಜೀವಂತ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಕಂಡವರು ಅವರಲ್ಲಿ ಯಾರೂ ಇರಲಿಲ್ಲ. ಬೆಂಗಳೂರಿನಲ್ಲಿ ಪ್ರಯೋಗಾಲಯಗಳಿಗೆ ಬರವೇ? 1909ರಲ್ಲಿ ಶುರುವಾದ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇದೆ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ, 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ನಮ್ಮ ಕಾಲೇಜಿನಿಂದ ಇವೆಲ್ಲಕ್ಕೂ ಬಿಎಂಟಿಸಿ ಬಸ್ ಇದೆ. ಆದರೂ ಅಲ್ಲಿಗೆ ಹೋಗುವ ದಾರಿ ನಮ್ಮ ಮಕ್ಕಳಿಗೆ ಕಾಣುತ್ತಿರಲಿಲ್ಲ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಬಹಳ ಒಳ್ಳೆಯ ಯೋಜನೆ, ನಾನೇ ಎಷ್ಟೋ ಮಕ್ಕಳಿಂದ ಅರ್ಜಿ ಹಾಕಿಸಿದ್ದೇನೆ. ಆದರೆ ದೇಶದ ಎಲ್ಲ ಕಡೆಯಿಂದ ಅರ್ಜಿಗಳು ಬೀಳುವ ಜಾಗದಲ್ಲಿ ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯ ಅರ್ಧ ಪುಟದ ಇಂಗ್ಲಿಷ್ ಬರಹ ಎಷ್ಟು ದೂರ ಹೋದೀತು?

ಕ್ಯಾನ್ಸರೇ ಯಾಕೆ ಎಂದು ಹಣ ಕೊಡುವವರೆಲ್ಲ ಕೇಳಿದರು. ನಮ್ಮ ರಾಜ್ಯದಲ್ಲಿ ಬಾಯಿಯ ಕ್ಯಾನ್ಸರ್ ಎಂದರೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಕಥೆ. ಗರ್ಭಕೊರಳಿನ ಕ್ಯಾನ್ಸರ್ ಎಂದರೆ ತಪಾಸಣೆಗೇ ಬಾರದ ಹೆಂಗಸರ ಕಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಆರಂಭಿಸಿದಾಗ ಮುಂಬೈ, ಚೆನ್ನೈಗಳ ಜೊತೆಗೆ ಬೆಂಗಳೂರೂ ಇತ್ತು. 1982ರಿಂದ ಈ ಊರಿನ ಕ್ಯಾನ್ಸರ್ ರೋಗಿಗಳ ಲೆಕ್ಕ ಇಲ್ಲೇ ದಾಖಲಾಗುತ್ತಿದೆ. ರೋಗ ಯಾರ ಮನೆಗೆ ಬರುತ್ತದೆಯೋ ಆ ಮನೆಯವರು ಪ್ರಶ್ನೆ ಕೇಳುವ ಜಾಗದಲ್ಲಿ ಇಲ್ಲ ಎಂಬುದು ನನ್ನ ತಕರಾರು. ಪ್ರಸ್ತಾವನೆಯ ಮೊದಲ ಪುಟದಲ್ಲಿ ಬರೆದಿದ್ದೂ ಅದನ್ನೇ.

ಮೊದಲು ಸರ್ಕಾರದ ಬಾಗಿಲು ತಟ್ಟಿದೆ. ಕಾಲೇಜುಗಳ ಪ್ರಯೋಗಾಲಯ ಸುಧಾರಣೆಗೆ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಅನುದಾನ ಕೊಡುತ್ತದೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಗೆ ಸ್ಟಾರ್ ಕಾಲೇಜು ಯೋಜನೆ ಇದೆ. ಇವು ನಿಜಕ್ಕೂ ಉಪಯೋಗದ ಯೋಜನೆಗಳು. ಸೂಕ್ಷ್ಮದರ್ಶಕ, ಸೆಂಟ್ರಿಫ್ಯೂಜ್, ರಾಸಾಯನಿಕಗಳು ಬೇಕಿದ್ದರೆ ಅಲ್ಲಿಗೇ ಹೋಗಿ. ನನಗೆ ಬೇಕಿದ್ದದ್ದು ಹನ್ನೆರಡು ಮಕ್ಕಳ ಊಟ, ಬಾಡಿಗೆ, ಕೈಖರ್ಚು. ಉಪಕರಣದ ಬಾಬ್ತಿನಲ್ಲಿ ಅನ್ನ ಬೇಯಿಸಲು ಬರುವುದಿಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೆ ಫೆಲೋಶಿಪ್‌ಗಳಿವೆ, ಅದರ ವಿಚಾರ ಕೊನೆಗೆ ಹೇಳುತ್ತೇನೆ. ಅವು ಪಿಎಚ್‌ಡಿಯ ಹೊಸ್ತಿಲು ದಾಟಿದವರಿಗೆ. ಹೊಸ್ತಿಲವರೆಗೆ ಕರೆದುಕೊಂಡು ಹೋಗಲು ದುಡ್ಡಿಲ್ಲ.

ಆಮೇಲೆ ಹೊರದೇಶದ ಆಸೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಕ್ಯೂರ್ ಎಂಬ ಹೆಸರಿನಲ್ಲಿ, ಸಂಶೋಧನೆಯಲ್ಲಿ ವಿರಳವಾಗಿರುವ ಸಮುದಾಯಗಳ ಮಕ್ಕಳನ್ನು ಶಾಲೆಯ ಹಂತದಲ್ಲೇ ಹಿಡಿದು ಸ್ವತಂತ್ರ ವಿಜ್ಞಾನಿಯಾಗುವವರೆಗೂ ಬೆಂಬಲಿಸುವ ತರಬೇತಿಗಳಿಗೆ ವರ್ಷಗಟ್ಟಲೆ ಹಣ ಒದಗಿಸಿತ್ತು. ನಮ್ಮ ಯೋಜನೆಯ ಚೌಕಟ್ಟಿಗೆ ಅದರಿಂದ ಕಲಿತದ್ದು ಬಹಳ. ಮುಖ್ಯವಾಗಿ, ಮಗುವನ್ನು ಒಮ್ಮೆ ಪ್ರಯೋಗಾಲಯ ತೋರಿಸಿ ಕಳಿಸಿಬಿಡದೆ ಹಂತ ಹಂತವಾಗಿ ಕೈಹಿಡಿದು ನಡೆಸಬೇಕು ಎಂಬುದು. 2025ರಲ್ಲಿ ಅಲ್ಲಿನ ಸರ್ಕಾರವೇ ವೈವಿಧ್ಯದ ಹೆಸರಿನ ಅನೇಕ ಅನುದಾನಗಳನ್ನು ಹಿಂತೆಗೆದುಕೊಂಡಿತು. ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, 'ಮೇಡಂ, ನಾವೇ ಕೆಲವರು ಸೇರಿ ಕಳಿಸುತ್ತೇವೆ' ಎಂದ. ಕಳಿಸುವುದು ಸುಲಭ, ತೆಗೆದುಕೊಳ್ಳುವುದು ಕಷ್ಟ. ಅಲ್ಲಿನ ಪೌರತ್ವ ಪಡೆದವರ ಅಥವಾ ಸಂಸ್ಥೆಗಳ ಹಣ ವಿದೇಶಿ ವಂತಿಗೆ ಎನಿಸಿಕೊಳ್ಳುತ್ತದೆ. ಅದನ್ನು ಪಡೆಯಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ಸಂಸ್ಥೆಗೆ ಮೂರು ವರ್ಷವಾದರೂ ಆಗಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಮುಖ್ಯ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ನಂತರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು, ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಭಾನುವಾರದ ವಿಜ್ಞಾನ ಶಿಬಿರಗಳನ್ನು ನಡೆಸಿಕೊಂಡು ಬಂದ ನಮ್ಮ ಟ್ರಸ್ಟಿನ ಖರ್ಚು ಆ 15 ಲಕ್ಷದ ಹತ್ತಿರಕ್ಕೂ ಹೋಗಿರಲಿಲ್ಲ. ಆ ಆಸೆ ಅಲ್ಲಿಗೇ ಮುಗಿಯಿತು.

ಉಳಿದದ್ದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಇದು ಬೆಂಗಳೂರು, ಲಾಭ ಮಾಡುವ ಕಂಪನಿಗಳಿಗೆ ಇಲ್ಲಿ ಕೊರತೆಯಿಲ್ಲ. ಹಾಗೆಂದು ನಂಬಿಕೊಂಡು ಹೊರಟೆ.

ಕಾಗದಗಳ ವಿಚಾರ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲ ಕಂಪನಿಗಳೂ ಮಾತಿಗೆ ಮುಂಚೆ ಕೇಳುವುದು ಇವನ್ನೇ. ಟ್ರಸ್ಟ್ ಡೀಡ್, ಪ್ಯಾನ್, ಆದಾಯ ತೆರಿಗೆಯ 12ಎಬಿ ಮತ್ತು 80ಜಿ ನೋಂದಣಿ (ಮೊದಲನೆಯದು ಟ್ರಸ್ಟಿನ ಆದಾಯಕ್ಕೆ, ಎರಡನೆಯದು ದಾನಿಗಳಿಗೆ ಸಿಗುವ ತೆರಿಗೆ ವಿನಾಯಿತಿಗೆ), ನೀತಿ ಆಯೋಗದ ದರ್ಪಣ್ ಜಾಲತಾಣದ ಗುರುತು ಸಂಖ್ಯೆ, ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ, ಧರ್ಮದರ್ಶಿಗಳ ಆಧಾರ್ ಮತ್ತು ಪ್ಯಾನ್, ಖಾತೆಯ ರದ್ದು ಮಾಡಿದ ಚೆಕ್. ಇದಲ್ಲದೆ 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ಎಂಬ ನಮೂನೆಯಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿಸಿಕೊಂಡು ಸಂಖ್ಯೆ ಪಡೆದಿರಲೇಬೇಕು. ಅದಕ್ಕೆ ಲೆಕ್ಕಪರಿಶೋಧಕರೋ ಕಂಪನಿ ಸೆಕ್ರೆಟರಿಯೋ ದೃಢೀಕರಣದ ಸಹಿ ಹಾಕಬೇಕು. ಕಂಪನಿಗೆ ಸಂಬಂಧಿಸದ ಟ್ರಸ್ಟ್ ಆಗಿದ್ದರೆ ಅಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ತೋರಿಸಬೇಕು. ನಮ್ಮ ಶಿಬಿರಗಳ ಹಳೆಯ ಫೋಟೊ, ಹಾಜರಿ ಪುಸ್ತಕ, ಕರಪತ್ರ ಎಲ್ಲವೂ ಇಲ್ಲಿ ಕೆಲಸಕ್ಕೆ ಬಂದವು. ಹೊಸದಾಗಿ ಟ್ರಸ್ಟ್ ಮಾಡಿಕೊಂಡು ನೇರ ಸಿಎಸ್‌ಆರ್‌ಗೆ ಕೈ ಹಾಕುವವರು ಇದನ್ನು ಗಮನಿಸಿ. ಅನುಭವವಿರುವ ಇನ್ನೊಂದು ಸಂಸ್ಥೆಯ ಜೊತೆ ಸೇರಿಕೊಳ್ಳುವುದೇ ಮೇಲು. 12ಎಬಿ, 80ಜಿಗಳಿಗೆ ಅವಧಿ ಇರುತ್ತದೆ. ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ.

ಕಾಗದ ಸರಿ ಇದ್ದರೂ ಮಾತು ಮುಂದೆ ಹೋಗಲಿಲ್ಲ. ಹೊರವರ್ತುಲ ರಸ್ತೆಯ ಕಚೇರಿಗಳ ತಣ್ಣನೆಯ ಕೋಣೆಗಳಲ್ಲಿ ಕೂತು ಕಾದದ್ದೇ ಕಾದದ್ದು. ಎಲ್ಲರೂ ಮರ್ಯಾದಸ್ತರು. ಕಾಫಿ ಕೊಡುತ್ತಿದ್ದರು, 'ತುಂಬಾ ಒಳ್ಳೆಯ ಕೆಲಸ ಮೇಡಂ' ಎನ್ನುತ್ತಿದ್ದರು, ಕೊನೆಗೆ ಅದೇ ಪ್ರಶ್ನೆ: ಫಲಾನುಭವಿಗಳು ಎಷ್ಟು ಜನ? ಹನ್ನೆರಡು ಎಂದ ಕೂಡಲೇ ಮುಖದ ಬಣ್ಣ ಬದಲಾಗುತ್ತಿತ್ತು. ಅಷ್ಟೇ ಹಣದಲ್ಲಿ ಆರೋಗ್ಯ ತಪಾಸಣಾ ಶಿಬಿರ ಮಾಡಿದರೆ ಸಾವಿರಾರು ಜನರ ಲೆಕ್ಕ ತೋರಿಸಬಹುದು, ತಲೆಗೆ ಇಷ್ಟು ರೂಪಾಯಿ ಎಂದು ವರದಿಯಲ್ಲಿ ಬರೆಯಬಹುದು. ಒಬ್ಬ ಅಧಿಕಾರಿಯಂತೂ ಕಡ್ಡಿ ಮುರಿದಂತೆ ಹೇಳಿದರು: 'ಒಂದು ಯಂತ್ರ ಕೇಳಿ, ಕೊಡುತ್ತೇವೆ. ಅದರ ಮೇಲೆ ನಮ್ಮ ಹೆಸರಿನ ಫಲಕ ಇರುತ್ತದೆ. ಮಕ್ಕಳ ಪೇಯಿಂಗ್ ಗೆಸ್ಟ್ ಬಾಡಿಗೆಯ ಮೇಲೆ ಫಲಕ ಎಲ್ಲಿ ಹಾಕುವುದು?' ಅವರ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡೇ ಎದ್ದು ಬಂದೆ. ಆ ಯಂತ್ರವನ್ನಾದರೂ ಪಡೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸಿಎಸ್‌ಆರ್ ಹಣದಲ್ಲಿ ಕೊಂಡ ಆಸ್ತಿ ಯಾರ ಹೆಸರಿನಲ್ಲಿರಬೇಕು ಎಂಬುದಕ್ಕೂ ನಿಯಮವಿದೆ. ಸಿಎಸ್‌ಆರ್ ಸಂಖ್ಯೆ ಇರುವ ನೋಂದಾಯಿತ ಸಂಸ್ಥೆ, ಫಲಾನುಭವಿಗಳು ಅಥವಾ ಸಾರ್ವಜನಿಕ ಪ್ರಾಧಿಕಾರ, ಇಷ್ಟೇ. ಸ್ವಂತ ಕಟ್ಟಡವೇ ಇಲ್ಲದ ಟ್ರಸ್ಟ್ ಲಕ್ಷಾಂತರ ಬೆಲೆಯ ಯಂತ್ರವನ್ನು ಎಲ್ಲಿಡುತ್ತದೆ?

ಕೊನೆಗೆ ಒಂದು ಕಂಪನಿ ಕಿವಿಗೊಟ್ಟಿತು. ಅಲ್ಲಿನ ಸಿಎಸ್‌ಆರ್ ನೋಡಿಕೊಳ್ಳುತ್ತಿದ್ದ ಯುವತಿಯ ತಂದೆ ರಾಯಚೂರಿನ ಕಡೆಯ ಪ್ರಾಥಮಿಕ ಶಾಲಾ ಮೇಷ್ಟರಂತೆ. ಹೆಚ್ಚು ವಿವರಿಸಬೇಕಾಗಲಿಲ್ಲ. ಆದರೆ ಆಕೆಯ ಮೇಲೆ ಕಾನೂನು ವಿಭಾಗವಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಕಾನೂನು ವಿಭಾಗದ ಮೊದಲ ತಕರಾರು: ಸಂಶೋಧನೆ ಎಂದರೆ, ಸಿಎಸ್‌ಆರ್ ಹಣ ಯಾವ ಕೆಲಸಗಳಿಗೆ ಹೋಗಬಹುದೆಂದು ಪಟ್ಟಿ ಮಾಡಿರುವ ಕಾಯ್ದೆಯ ಏಳನೇ ಪರಿಶಿಷ್ಟದ ಒಂಬತ್ತನೇ ಬಾಬ್ತು, ಅದರಡಿ ಹಣ ಹೋಗುವುದು ಸರ್ಕಾರಿ ಹಣದಿಂದ ನಡೆಯುವ ಸಂಶೋಧನಾ ಸಂಸ್ಥೆಗಳಿಗೆ, ವಿಶ್ವವಿದ್ಯಾಲಯಗಳಿಗೆ, ನಿಮ್ಮದು ಖಾಸಗಿ ಟ್ರಸ್ಟ್. ಮಾತು ಸರಿಯಾಗಿಯೇ ಇತ್ತು. ನಾವು ಮಾಡುತ್ತಿರುವುದು ಶಿಕ್ಷಣ ಮತ್ತು ಕೌಶಲ, ಅದು ಎರಡನೇ ಬಾಬ್ತು. ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದ ಗುಂಪುಗಳು ಅನುಭವಿಸುವ ಅಸಮಾನತೆಯನ್ನು ತಗ್ಗಿಸುವುದು ಮೂರನೇ ಬಾಬ್ತು ಎಂದು ನಾನು ಪ್ರಸ್ತಾವನೆಯನ್ನು ತಿದ್ದಿ ಬರೆದೆ. ನೀವು ಬರೆಯುವಾಗ ಮೊದಲ ಪುಟದಲ್ಲೇ ಬಾಬ್ತನ್ನು ನಮೂದಿಸಿ. ಒಳಗೆ ಕೂತ ವಕೀಲರಿಗೆ ಹುಡುಕುವ ಕೆಲಸ ಕೊಟ್ಟರೆ ಅವರು ಆಕ್ಷೇಪವನ್ನೇ ಹುಡುಕುತ್ತಾರೆ.

ಎರಡನೆಯದು ಇನ್ನೂ ನುಣ್ಣಗಿನ ತಕರಾರು. ಕಂಪನಿಯ ಮೂಲ ಹೊರದೇಶದಲ್ಲಿತ್ತು. ಸಮುದಾಯ ನೋಡಿ ಆಯ್ಕೆ ಮಾಡುವ ಯೋಜನೆಗಳ ಬಗ್ಗೆ ಅಲ್ಲಿನ ಮುಖ್ಯ ಕಚೇರಿಗೆ ಈಗ ಮುಜುಗರ. ಹಾಗಾಗಿ ಜಾತಿಯ ಮಾನದಂಡ ತೆಗೆದು 'ಪ್ರತಿಭಾವಂತ ಬಡ ವಿದ್ಯಾರ್ಥಿಗಳು' ಎಂದು ಮಾಡಿ ಎಂಬ ಸಲಹೆ ಬಂತು. ಕೇಳಲು ಹಿತವಾಗಿತ್ತು. ನಾನು ಒಪ್ಪಲಿಲ್ಲ. ಆದಾಯದ ಮಿತಿ ಮಾತ್ರ ಇಟ್ಟರೆ ಆಯ್ಕೆ ಪಟ್ಟಿಯಲ್ಲಿ ಯಾರು ಬರುತ್ತಾರೆ ಎಂಬುದನ್ನು ಮೂವತ್ತು ವರ್ಷ ಹಾಜರಿ ಕೂಗಿದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರನೇ ಬಾಬ್ತಿನ ಸಾಲನ್ನೇ ದೊಡ್ಡದಾಗಿ ಮುದ್ರಿಸಿ, ಈ ನೆಲದ ಕಾಯ್ದೆಯೇ ಇದನ್ನು ಹೇಳುತ್ತಿದೆ ಎಂದು ಪತ್ರ ಬರೆದೆ. ಉತ್ತರ ಬರುವವರೆಗಿನ ವಾರಗಳಲ್ಲಿ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಹಟ ಹಿಡಿದು ಮಕ್ಕಳ ಅವಕಾಶವನ್ನೇ ಕಳೆದೆನೇನೋ ಎಂಬ ಅಳುಕು. ಕೊನೆಗೆ ಒಪ್ಪಿದರು. ಮುಖ್ಯ ಕಚೇರಿಗೆ ಹೋಗುವ ಇಂಗ್ಲಿಷ್ ವರದಿಯಲ್ಲಿ ಅವರು ಏನು ಬರೆದುಕೊಂಡರೋ ಗೊತ್ತಿಲ್ಲ, ನಮ್ಮ ಒಪ್ಪಂದ ಪತ್ರದಲ್ಲಿ ಮಾನದಂಡ ಹಾಗೆಯೇ ಉಳಿಯಿತು.

ಮೂರನೆಯದು ಸಂಯೋಜಕಿಯ ಸಂಬಳ. 'ಆಡಳಿತ ವೆಚ್ಚ ಶೇ 5 ಮೀರುವಂತಿಲ್ಲ, ಇದನ್ನು ತೆಗೆಯಿರಿ' ಎಂದರು. ಬಹಳ ಸಂಸ್ಥೆಗಳು ಇಲ್ಲಿ ತಲೆಬಾಗಿಬಿಡುತ್ತವೆ, ದಯವಿಟ್ಟು ಬಾಗಬೇಡಿ. ಆ ಶೇ 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಆಡಳಿತ ವೆಚ್ಚಕ್ಕೆ. ಯೋಜನೆಯನ್ನು ಜಾರಿ ಮಾಡಲು, ಮೇಲ್ವಿಚಾರಣೆ ಮಾಡಲು ತಗಲುವ ಖರ್ಚು ಯೋಜನೆಯದೇ ಖರ್ಚು ಎಂದು ಸಚಿವಾಲಯವೇ 2021ರಲ್ಲಿ ಪ್ರಶ್ನೋತ್ತರ ರೂಪದ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಆ ಸುತ್ತೋಲೆಯ ಪ್ರತಿಯನ್ನು ಕೈಚೀಲದಲ್ಲಿ ಇಟ್ಟುಕೊಂಡೇ ಓಡಾಡಿದೆ. ರಾತ್ರಿ ಹನ್ನೊಂದಕ್ಕೆ ಪಿಜಿ ಮಾಲೀಕರು ಬಾಗಿಲು ತೆಗೆಯುತ್ತಿಲ್ಲ ಎಂದು ಹುಡುಗಿ ಫೋನ್ ಮಾಡಿದರೆ ಎದ್ದು ಹೋಗುವವಳು ಸಂಯೋಜಕಿಯೇ. ಅವಳಿಗೆ ಸಂಬಳ ಬೇಡವೇ?

ಇಷ್ಟೆಲ್ಲ ಆಗಿ ಮಂಜೂರಾತಿ ಬಂದದ್ದು ಮಾರ್ಚ್‌ನಲ್ಲಿ, ಅದೂ ಒಮ್ಮೆಲೇ ತುರ್ತಾಗಿ. ಹಣಕಾಸು ವರ್ಷ ಮುಗಿಯುವುದರೊಳಗೆ ಹಣ ಹೋಗಬೇಕು. ಮುಂದುವರಿಯುವ ಯೋಜನೆಯ ಉಳಿಕೆ ಹಣವನ್ನು ಕಂಪನಿ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಬೇಕು, ಉಳಿದ ಯೋಜನೆಗಳದ್ದಾದರೆ ಆರು ತಿಂಗಳೊಳಗೆ ಸರ್ಕಾರದ ನಿಧಿಗೆ ಕಟ್ಟಬೇಕು. ಈ ಭಯದಿಂದಲೇ ಫೆಬ್ರುವರಿ, ಮಾರ್ಚ್‌ನಲ್ಲಿ ಕಂಪನಿಗಳ ಕಿವಿ ಚುರುಕಾಗುತ್ತದೆ. ನಿಮ್ಮ ಪ್ರಸ್ತಾವನೆ ಆ ಹೊತ್ತಿಗೆ ಅವರ ಮೇಜಿನ ಮೇಲೆ ಪೂರ್ತಿ ಸಿದ್ಧವಾಗಿರಲಿ. ಹಣ ಬರಬೇಕಾದರೆ ನಮ್ಮನ್ನು ಅವರ ಗಣಕ ವ್ಯವಸ್ಥೆಯಲ್ಲಿ ಸರಕು ಪೂರೈಕೆದಾರರೆಂದು ನೋಂದಾಯಿಸಬೇಕಂತೆ! ಜಿಎಸ್‌ಟಿ ಸಂಖ್ಯೆ ಕಡ್ಡಾಯವೆಂದು ಕಂಪ್ಯೂಟರ್ ಹಟ ಹಿಡಿಯಿತು. ನಮಗೆ ಜಿಎಸ್‌ಟಿ ಇಲ್ಲ, ನಾವು ಏನನ್ನೂ ಮಾರುತ್ತಿಲ್ಲ ಎಂದು ಲೆಕ್ಕಪರಿಶೋಧಕರಿಂದ ಪತ್ರ ಬರೆಸಿದೆವು. ಮಾರ್ಚ್ ಕೊನೆಯ ವಾರ ಇಡೀ ಅದಕ್ಕೇ ಹೋಯಿತು.

ಒಪ್ಪಂದ ಪತ್ರದಲ್ಲಿ ನಾನು ಕೊನೆಯವರೆಗೂ ಬಿಡದ ಒಂದು ಷರತ್ತಿದೆ. ಮೊದಲು ನಾವು ಖರ್ಚು ಮಾಡಿ, ಬಿಲ್ ತೋರಿಸಿ, ಆಮೇಲೆ ಪಡೆಯುವುದು ಅವರ ರೂಢಿ. ಮುಂಗಡ ಬೇಕೇ ಬೇಕು ಎಂದೆ. ಒಬ್ಬ ವಿದ್ಯಾರ್ಥಿಗೆ ಪಿಜಿಯ ಹಂಚಿಕೆಯ ಕೋಣೆ, ಊಟ ಸೇರಿ ತಿಂಗಳಿಗೆ ಹತ್ತು ಸಾವಿರ. ಒಂದು ತಿಂಗಳ ಮುಂಗಡ ಬೇರೆ, ಅದರಲ್ಲಿ ಬಿಟ್ಟು ಹೋಗುವಾಗ ನಿರ್ವಹಣೆಯ ಹೆಸರಿನಲ್ಲಿ ಮುರಿದುಕೊಳ್ಳುವುದು ಬೇರೆ. ಕೈಖರ್ಚಿಗೆ ಆರು ಸಾವಿರ ಇಟ್ಟಿದ್ದೆವು. ಆ ಆರು ಸಾವಿರದಲ್ಲಿ ಅರ್ಧಕ್ಕರ್ಧ ಊರಿಗೆ ಹೋಗುತ್ತಿತ್ತು ಎಂಬುದು ನಮಗೆ ಗೊತ್ತಿತ್ತು, ಗೊತ್ತಿದ್ದೇ ಇಟ್ಟಿದ್ದು. ಗಾರ್ಮೆಂಟ್ಸ್‌ಗೆ ಹೋಗಿ ಮನೆಗೆ ಆಧಾರವಾಗಿದ್ದ ಹುಡುಗಿ ಆರು ತಿಂಗಳು ಕೋಶ ಬೆಳೆಸುವುದನ್ನು ಕಲಿಯುತ್ತಾ ಕೂರಬೇಕೆಂದರೆ ಮನೆಯ ಒಲೆ ಉರಿಯಬೇಕಲ್ಲ. ಕಂಪನಿ ಅರ್ಧ ವರ್ಷದ ಮುಂಗಡಕ್ಕೆ ಒಪ್ಪಿದ ಮೇಲೆಯೇ ಸಹಿ ಹಾಕಿದೆ.

ಆಯ್ಕೆಯ ಹೊತ್ತಿನಲ್ಲಿ ತಲೆನೋವಾದದ್ದು ಪ್ರಮಾಣಪತ್ರಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಆರ್‌ಡಿ ಸಂಖ್ಯೆ ಇದ್ದರೆ ಜಾಲತಾಣದಲ್ಲೇ ತಾಳೆ ನೋಡಬಹುದು, ಸುಲಭ. ಆದರೆ ಅಲೆಮಾರಿ ಸಮುದಾಯದ ಒಬ್ಬ ಹುಡುಗನ ಅಪ್ಪನ ಶಾಲಾ ದಾಖಲೆ ಇರಲಿಲ್ಲ, ಅಪ್ಪ ಶಾಲೆಗೇ ಹೋದವನಲ್ಲ. ಪ್ರಮಾಣಪತ್ರ ಸಿಗುವವರೆಗೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳುವ ಅಧಿಕಾರ ಆಯ್ಕೆ ಸಮಿತಿಗೆ ಇರಲಿ ಎಂದು ಠರಾವು ಮಾಡಿಕೊಂಡಿದ್ದೆವು. ಅದರಿಂದ ಆತ ಉಳಿದ. ಸರ್ಕಾರಿ ವಿದ್ಯಾರ್ಥಿವೇತನ ಪಡೆಯುತ್ತಿದ್ದ ಕೆಲವರಿಗೆ ಇದನ್ನು ತೆಗೆದುಕೊಂಡರೆ ಅದು ತಪ್ಪಿಹೋದೀತೆಂಬ ಹೆದರಿಕೆ. ಸುಳ್ಳು ಹೆದರಿಕೆಯೂ ಅಲ್ಲ, ಮೆಟ್ರಿಕ್ ನಂತರದ ವೇತನದ ನಿಯಮದಲ್ಲಿ ಇನ್ನೊಂದು ವಿದ್ಯಾರ್ಥಿವೇತನ ಪಡೆಯಬಾರದೆಂದಿದೆ. ಹಾಗಾಗಿ ಓದು ಮುಗಿಸಿದವರನ್ನೇ ಆರಿಸಿಕೊಂಡೆವು.

ಪ್ರಯೋಗಾಲಯದವರು ಒಪ್ಪಿದ ಮೇಲೂ ಬಾಗಿಲು ಪೂರ್ತಿ ತೆರೆಯಲಿಲ್ಲ. ರಕ್ತ, ಅಂಗಾಂಶದ ಮಾದರಿಗಳನ್ನು ಮುಟ್ಟುವವರಿಗೆ ಹೆಪಟೈಟಿಸ್ ಬಿ ಲಸಿಕೆ ಕಡ್ಡಾಯ ಎಂದರು. ಸರಿಯಾದ ನಿಯಮವೇ. ಆದರೆ ಲಸಿಕೆಯ ಮೂರು ಡೋಸ್‌ಗಳ ಕ್ರಮ ಮೊದಲ ದಿನ, ಒಂದು ತಿಂಗಳು, ಆರು ತಿಂಗಳು. ನಮ್ಮ ತರಬೇತಿಯೇ ಆರು ತಿಂಗಳು! ಎರಡು ಡೋಸ್ ಆದವರು ಮೇಲ್ವಿಚಾರಣೆಯಲ್ಲಿ ಕೋಶ ಕೃಷಿ ಮತ್ತು ಸಂಸ್ಕರಿಸಿದ ಸ್ಲೈಡುಗಳ ಕೆಲಸ ಮಾಡಬಹುದು, ತಾಜಾ ಮಾದರಿ ಮುಟ್ಟುವಂತಿಲ್ಲ ಎಂಬ ಒಪ್ಪಂದಕ್ಕೆ ಬಂದೆವು. ರೋಗಿಗಳ ದಾಖಲೆ ನೋಡುವವರ ಹೆಸರನ್ನು, ರೋಗಿಗಳನ್ನು ಒಳಗೊಂಡ ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಅನುಮೋದನೆಯಲ್ಲಿ ಸೇರಿಸಬೇಕು. ಆ ಸಮಿತಿ ದಿನಾ ಸೇರುವುದಿಲ್ಲ. ಇದರ ಮೇಲೆ ಗುಂಪು ವಿಮೆ, ಇ-ಸ್ಟ್ಯಾಂಪ್ ಕಾಗದದಲ್ಲಿ ಮುಚ್ಚಳಿಕೆ, ಪೊಲೀಸ್ ಪರಿಶೀಲನೆ. ಮೊದಲ ದಿನ ಒಬ್ಬ ಹುಡುಗನನ್ನು ಒಳಗೆ ಬಿಡಲಿಲ್ಲ. ಕಾರಣ ಕೇಳಿದರೆ ಚಪ್ಪಲಿ; ಪಾದ ಪೂರ್ತಿ ಮುಚ್ಚುವ ಶೂ ಇಲ್ಲದೆ ಪ್ರಯೋಗಾಲಯಕ್ಕೆ ಪ್ರವೇಶವಿಲ್ಲ. ಆತನ ಹತ್ತಿರ ಶೂ ಇರಲಿಲ್ಲ, ಹಾಗೆಂದು ಹೇಳಿಕೊಳ್ಳದೆ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದ. ಶೂ, ಹತ್ತಿಯ ಬಿಳಿ ಕೋಟು, ಒಂದು ನೋಟ್‌ಬುಕ್: ಇವನ್ನು ನಿಮ್ಮ ಬಜೆಟ್ಟಿನಲ್ಲಿ ಬೇರೆ ಸಾಲಾಗಿಯೇ ಬರೆಯಿರಿ.

ಕೆಲಸ ಕಲಿತ ಬಗೆಯನ್ನು ಹೇಳುತ್ತಾ ಹೋದರೆ ಮುಗಿಯದು. ಕೋಶಗಳನ್ನು ಬೆಳೆಸುವ ಮಾಧ್ಯಮಕ್ಕೆ ಹಾಕುವ ಸೀರಮ್‌ನ ಒಂದು ಬಾಟಲಿಗೆ ಹತ್ತಾರು ಸಾವಿರ ಎಂದು ತಿಳಿದ ದಿನ ಒಬ್ಬಳು ಪಿಪೆಟ್ ಮುಟ್ಟಲೇ ಇಲ್ಲ. ಹಾಳಾದರೆ ಎಂದು ಭಯ. ಮಾರ್ಗದರ್ಶಕಿ ಪಕ್ಕದಲ್ಲೇ ಕೂತು ಬರೀ ನೀರಿನಲ್ಲಿ ವಾರವಿಡೀ ಅಭ್ಯಾಸ ಮಾಡಿಸಿದರು. ಇನ್ನೊಂದು ಪ್ರಸಂಗ ಮಾತ್ರ ಹೇಳಲೇಬೇಕು. ಬಾಯಿಯ ಕ್ಯಾನ್ಸರ್ ರೋಗಿಗಳ ಪ್ರಶ್ನಾವಳಿ ತುಂಬುವ ಕೆಲಸಕ್ಕೆ ಕೊಪ್ಪಳದ ಕಡೆಯ ಹುಡುಗಿಯನ್ನು ಹಾಕಿದ್ದರು. ದಿನಕ್ಕೆ ಎಷ್ಟು ಸಲ ಎಲೆ ಅಡಿಕೆ, ಹೊಗೆಸೊಪ್ಪು ಹಾಕುತ್ತೀರಿ ಎಂಬ ಪ್ರಶ್ನೆ ಅದರಲ್ಲಿತ್ತು. ವಾರದ ಸಭೆಯಲ್ಲಿ ಅವಳು ಎದ್ದು, 'ಸರ್, ನಮ್ಮ ಅಜ್ಜಿ ರಾತ್ರಿ ಅದನ್ನು ದವಡೆಯಲ್ಲಿ ಇಟ್ಟುಕೊಂಡೇ ಮಲಗುತ್ತಿದ್ದರು, ಬೆಳಿಗ್ಗೆ ಎದ್ದು ಉಗುಳುತ್ತಿದ್ದರು. ಅದನ್ನು ಒಂದು ಸಲ ಎಂದು ಬರೆಯಬೇಕೋ, ಎಂಟು ಗಂಟೆ ಎಂದು ಬರೆಯಬೇಕೋ?' ಎಂದು ಕೇಳಿದಳು. ಬಾಯಲ್ಲಿಟ್ಟು ಮಲಗುವುದರಿಂದ ಅಪಾಯ ಹೆಚ್ಚುತ್ತದೆ ಎಂಬುದು ಅಧ್ಯಯನಗಳಲ್ಲಿ ಹಿಂದೆಯೇ ದಾಖಲಾದ ಸಂಗತಿ. ಆದರೆ ಅಲ್ಲಿದ್ದ ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮುಂದಿನ ವಾರದಿಂದ ಒಂದು ಸಾಲು ಹೆಚ್ಚಾಯಿತು. ತಲೆಗೆ ಇಷ್ಟು ರೂಪಾಯಿ ಎಂದು ಲೆಕ್ಕ ಹಾಕುವವರ ಎದುರು ನಾನು ಈಗ ಇದನ್ನೇ ಹೇಳುತ್ತೇನೆ.

ನಡುವೆ ಕಂಪನಿಯವರ ಭೇಟಿ. ಬ್ಯಾನರ್ ಕಟ್ಟಿ ಫೋಟೊ ತೆಗೆದರು, ಅಡ್ಡಿಯಿಲ್ಲ. ಆಮೇಲೆ 'ಯಶೋಗಾಥೆ' ಬೇಕೆಂದರು: ಮಕ್ಕಳ ಮುಖ, ಊರು, ಜಾತಿ, ಅಪ್ಪನ ಕೂಲಿ, ಗುಡಿಸಲಿನ ಚಿತ್ರ. ಹುಡುಗರಲ್ಲಿ ಇಬ್ಬರು ನನ್ನ ಹತ್ತಿರ ಬಂದು, 'ಮೇಡಂ, ಲ್ಯಾಬಿನಲ್ಲಿ ನಮ್ಮ ಜಾತಿ ಯಾರಿಗೂ ಗೊತ್ತಿಲ್ಲ, ಹಾಗೆಯೇ ಇರಲಿ' ಎಂದರು. ಅಂದು ನನಗಾದ ಸಂಕಟ ಬರೆದು ತಿಳಿಸುವಂಥದ್ದಲ್ಲ. ಯಾರ ಜಾತಿಯನ್ನೂ ಹೆಸರಿನ ಜೊತೆ ಪ್ರಕಟಿಸುವಂತಿಲ್ಲ, ಸಮುದಾಯವಾರು ಒಟ್ಟು ಸಂಖ್ಯೆ ಮಾತ್ರ ಕೊಡುತ್ತೇವೆ ಎಂದು ಪತ್ರ ಬರೆದೆ. ಎರಡನೇ ವರ್ಷದ ಒಪ್ಪಂದದಲ್ಲಿ ಇದನ್ನು ಷರತ್ತಾಗಿಯೇ ಸೇರಿಸಿದ್ದೇವೆ. ನೀವು ಮೊದಲ ವರ್ಷವೇ ಸೇರಿಸಿ.

ಲೆಕ್ಕ ಒಪ್ಪಿಸುವುದೇ ಇನ್ನೊಂದು ಪರ್ವ. ಮಕ್ಕಳಿಗೆ ಕೊಟ್ಟದ್ದೆಲ್ಲ ಬ್ಯಾಂಕಿನ ಮೂಲಕವೇ ಹೋಗಲಿ, ನಗದು ಬೇಡ. ಪಿಜಿ ಮಾಲೀಕರಲ್ಲಿ ರಸೀದಿ ಕೊಡುವವರು ಕಡಿಮೆ. ರಸೀದಿ ಕೊಡುತ್ತೀರಾ ಎಂದು ಕೋಣೆ ನೋಡುವಾಗಲೇ ಕೇಳಿ. ಬಸ್ಸಿನ ಸಾಲಿನಲ್ಲಿ ಹುಡುಗರ ಪಾಸಿನ ಖರ್ಚು ಇದೆ, ಹುಡುಗಿಯರದು ಸೊನ್ನೆ ಯಾಕೆ ಎಂದು ಕಂಪನಿಯ ಲೆಕ್ಕಪರಿಶೋಧಕರು ವಿವರಣೆ ಕೇಳಿದ್ದರು. ಮುಂಬೈನವರು, ಪಾಪ. 2023ರ ಜೂನ್‌ನಿಂದ ಇಲ್ಲಿ ಶಕ್ತಿ ಯೋಜನೆ ಇದೆ, ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ ಎಂದು ಬರೆದು, ಶೂನ್ಯ ಮೊತ್ತದ ಟಿಕೆಟ್ ಒಂದನ್ನು ಅಂಟಿಸಿ ಕಳಿಸಿದೆವು. ಅನುದಾನದ ಹಣಕ್ಕೆ ಬ್ಯಾಂಕಿನಲ್ಲಿ ಬಂದ ಬಡ್ಡಿಯನ್ನೂ ತೋರಿಸಬೇಕು, ಅದಕ್ಕೆ ಪ್ರತ್ಯೇಕ ಖಾತೆ ಇದ್ದರೆ ತಲೆಬಿಸಿ ಕಡಿಮೆ.

ಹನ್ನೆರಡರಲ್ಲಿ ಒಬ್ಬ ನಡುವೆ ಬಿಟ್ಟು ಊರಿಗೆ ಹೋದ, ಮನೆಯಲ್ಲಿ ಸಾವು. ಇಬ್ಬರಿಗೆ ಅದೇ ಪ್ರಯೋಗಾಲಯಗಳಲ್ಲಿ ಯೋಜನಾ ಸಹಾಯಕರ ಕೆಲಸ ಸಿಕ್ಕಿದೆ. ಹೆಚ್ಚಿನವರು ಸಂಶೋಧನಾ ಫೆಲೋಶಿಪ್‌ಗೆ ಬೇಕಾದ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಗೆ ಓದುತ್ತಿದ್ದಾರೆ. ಅದರಲ್ಲಿ ಆಯ್ಕೆಯಾದ ಕಿರಿಯ ಸಂಶೋಧನಾ ಫೆಲೋಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಬಾಡಿಗೆ ಭತ್ಯೆ ಬೇರೆ. ಪರಿಶಿಷ್ಟ ಜಾತಿಯವರಿಗೆ ವರ್ಷಕ್ಕೆ 2,000, ಪಂಗಡದವರಿಗೆ 750 ರಾಷ್ಟ್ರೀಯ ಫೆಲೋಶಿಪ್‌ಗಳೂ ಇವೆ. ಪಂಗಡದ ಮಕ್ಕಳದ್ದು ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಮೂಲಕ. ಮಂಜೂರಾದ ಮೇಲೂ ಹಣ ಕೈಗೆ ಬರುವುದು ತಡವಾಗುವುದುಂಟು. ಅದಕ್ಕೆಂದೇ ಈ ಸಲದ ಬಜೆಟ್ಟಿನಲ್ಲಿ ಹಳೆಯ ತಂಡದವರಿಗೆ ಕೈಸಾಲದ ಸಣ್ಣ ನಿಧಿ ಕೇಳಿದ್ದೆ. ಕಾನೂನು ವಿಭಾಗ ಅದನ್ನು ಹೊಡೆದುಹಾಕಿತು. ಟ್ರಸ್ಟಿನ ಸದಸ್ಯರೇ ಚಂದಾ ಹಾಕಿ ಬೇರೆಯಾಗಿ ಕೂಡಿಸುತ್ತಿದ್ದೇವೆ.

ಎರಡನೇ ತಂಡದ ಸಂದರ್ಶನ ಮುಂದಿನ ತಿಂಗಳು. ಈ ಬಾರಿ ಆಯ್ಕೆ ಪಟ್ಟಿ ಹೊರಬಿದ್ದ ವಾರವೇ ಮೊದಲ ಡೋಸ್ ಲಸಿಕೆ ಹಾಕಿಸುತ್ತಿದ್ದೇವೆ, ತರಬೇತಿ ಶುರುವಾಗುವಷ್ಟರಲ್ಲಿ ಎರಡನೆಯದೂ ಆಗಿರುತ್ತದೆ. ನೈತಿಕ ಸಮಿತಿಗೆ ಹೆಸರುಗಳು ಹೋಗುವುದೂ ಅದೇ ವಾರ. ಶೂಗಳ ಅಳತೆಯನ್ನು ಅರ್ಜಿ ನಮೂನೆಯಲ್ಲೇ ಕೇಳಿದ್ದೇವೆ.